ಹೋಂಸ್ಟೇ ಜಗುಲಿಗೆ ಒಂದು ಪುಟದ ಇತಿಹಾಸ ಬೇಕು: ಈ ಕಾಡು ರಜೆಯ ಜಾಗ ಆಗಿದ್ದು ಹೇಗೆ?

ಹಂಡೆಮನೆ

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಶಿರಸಿ–ಸಿದ್ದಾಪುರ ನಡುವಿನ ಒಂದು ಹಳ್ಳಿ. ಅಡಿಕೆ ತೋಟ, ಅದರ ನೆತ್ತಿಯ ಮೇಲೆ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು), ಕೆಳಗೆ ಹಳ್ಳ. ಅಣ್ಣನ ಮಕ್ಕಳು ಹಳೇ ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದಾರೆ. ಹುಬ್ಬಳ್ಳಿ, ಬೆಂಗಳೂರು ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಕುಟುಂಬಗಳೇ ಜಾಸ್ತಿ. ಹಳ್ಳದಲ್ಲಿ ಆಡುತ್ತಾರೆ, ತಂಬುಳಿ ಉಣ್ಣುತ್ತಾರೆ, ಬೆಟ್ಟ ಹತ್ತಿ ಫೋಟೋ ತೆಗೆಯುತ್ತಾರೆ. ಅದೆಲ್ಲ ಚೆನ್ನಾಗಿಯೇ ನಡೆದಿದೆ.

ತಕರಾರು ಬಂದಿದ್ದು ಬ್ರೋಷರ್ ವಿಷಯಕ್ಕೆ. ಡಿಸೈನ್ ಮಾಡಿದ ಹುಡುಗ "400 ವರ್ಷ ಹಳೆಯ ಅರಣ್ಯ ಎಸ್ಟೇಟ್, ಮನುಷ್ಯರು ಮುಟ್ಟದ ಕಾಡು" ಎಂದು ಬರೆದು ಕಳಿಸಿದ್ದಾನೆ. ಮುಟ್ಟದ ಕಾಡಂತೆ! ಆ ಬೆಟ್ಟದ ಸೊಪ್ಪು ಹೊತ್ತು ಹೊತ್ತು ನಮ್ಮಪ್ಪನ ನೆತ್ತಿ ಬೋಳಾಗಿತ್ತು.

ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ. "ಈ ಕಾಡೆಲ್ಲ ನಿಮ್ಮದೇನಾ?" ಅಣ್ಣನ ಮಗ ಹೌದು ಅನ್ನುತ್ತಾನೆ. ನಾನು ಅಲ್ಲ ಅನ್ನುತ್ತೇನೆ. ಅತಿಥಿಗಳು ಇಬ್ಬರ ಮುಖ ನೋಡುತ್ತಾರೆ.

ಹಾಗಾಗಿ ಜಗುಲಿಯಲ್ಲಿ ತೂಗುಹಾಕಲು ಒಂದು ಪುಟ ಬರೆಯೋಣ ಅಂತಿದ್ದೇನೆ. ನಮ್ಮ ಮನೆ ಕಥೆ ನನಗೆ ಗೊತ್ತು. ಜಿಲ್ಲೆಯಲ್ಲಿ ಕಾಡು, ತೋಟಗಳೆಲ್ಲ ಹೀಗೆ ರಜೆ ಕಳೆಯುವ ಜಾಗ ಆದದ್ದು ಹೇಗೆ ಅನ್ನುವುದು ಬೇಕು. ದಾಂಡೇಲಿ, ಕಾರವಾರ ಕಡೆಯವರೂ ಹೇಳಿ.

ಕಾನುಬೇಣ

ಮೊದಲು ಅಣ್ಣನ ಮಗನಿಗೆ ಹೇಳಿ, ಹೌದು ಅನ್ನುವುದನ್ನು ನಿಲ್ಲಿಸಲಿ. ಬೆಟ್ಟ ಸರ್ಕಾರದ್ದು. ನಿಮ್ಮದು ಅನುಭೋಗದ ಹಕ್ಕು ಮಾತ್ರ. ಸೊಪ್ಪು, ದರಕು (ಉದುರಿದ ಒಣ ಎಲೆ), ಕರಡ (ಒಣ ಹುಲ್ಲು), ಮನೆ ಖರ್ಚಿನ ಸೌದೆ, ಇಷ್ಟು. ಈ ಹಕ್ಕು ತೋಟಕ್ಕೆ ಅಂಟಿಕೊಂಡಿದ್ದು. ಬೆಟ್ಟವನ್ನೇ ಬೇರೆ ಮಾಡಿ ಮಾರುವ ಹಾಗಿಲ್ಲ.

ಇದು ಹೀಗಾಗಿದ್ದಕ್ಕೆ ಕಾರಣ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಇಲ್ಲಿನ ಸಾಗವಾನಿಯ ಮೇಲೆ ಬ್ರಿಟಿಷರಿಗೆ ಮೊದಲಿಂದಲೂ ಕಣ್ಣು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ಒಂದೊಂದೇ ತುಂಡಾಗಿ ರಿಸರ್ವ್ ಆಗುತ್ತಾ ಹೋಯಿತು. ದನ ಮೇಯಿಸುವವರು, ಕುಮರಿ ಕಡಿದು ರಾಗಿ ಬಿತ್ತುವವರು, ಎಲ್ಲರೂ ಹೊರಗೆ. ತೋಟದವರನ್ನು ಮಾತ್ರ ಪೂರ್ತಿ ಹೊರಗೆ ಹಾಕಲಿಲ್ಲ. ಸೊಪ್ಪಿಲ್ಲದೆ ಅಡಿಕೆ ತೋಟ ಉಳಿಯುವುದಿಲ್ಲ, ತೋಟ ಇಲ್ಲದೆ ಕಂದಾಯ ಬರುವುದಿಲ್ಲ ಅನ್ನುವ ಲೆಕ್ಕ ಅವರಿಗೂ ಗೊತ್ತಿತ್ತು. ಅದಕ್ಕೇ ಘಟ್ಟದ ಮೇಲಿನ ತಾಲೂಕುಗಳಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟರು.

ಈಗ ಆ ಬೆಟ್ಟ ಏನು ಕೆಲಸ ಮಾಡುತ್ತದೆ ನೋಡಿ. ಮರ ಹತ್ತಿ ಹಸಿ ಸೊಪ್ಪು ಕಡಿಯಬೇಕು. ಹೊರೆ ಕಟ್ಟಿ ತಂದು ಕೊಟ್ಟಿಗೆಗೆ ಹಾಸಬೇಕು. ದನದ ಸಗಣಿ, ಗಂಜಲದಲ್ಲಿ ಅದು ತುಳಿದು ತುಳಿದು ಗೊಬ್ಬರ ಆಗುತ್ತದೆ. ಆಮೇಲೆ ತೋಟದ ಬುಡಕ್ಕೆ. ಬೇಸಿಗೆ ಬಂದರೆ ದರಕು ಗುಡಿಸಿ ತರುವುದು. ಎಕರೆ ತೋಟ ನಿಂತಿರುವುದು ಹಲವು ಎಕರೆ ಬೆಟ್ಟದ ಸಾರದ ಮೇಲೆ.

ಇದನ್ನು ಅತಿಥಿಗಳಿಗೆ ತೋರಿಸುವುದೂ ಸುಲಭ. ಬೆಟ್ಟದ ಮತ್ತಿ, ಹೊನ್ನೆ, ನಂದಿ ಮರಗಳನ್ನು ತಲೆ ಎತ್ತಿ ನೋಡಲಿ. ಕೊಂಬೆಗಳನ್ನು ಸವರಿ ಸವರಿ ಕಾಂಡದ ಉದ್ದಕ್ಕೂ ಗಂಟು ಕಟ್ಟಿರುತ್ತದೆ. ಹಾಗೇ ಪಕ್ಕದ ಕಾನಿಗೆ, ಅಂದರೆ ದಟ್ಟ ಕಾಡಿಗೆ, ಕರೆದುಕೊಂಡು ಹೋಗಿ. ಅಲ್ಲಿ ಕತ್ತಲೆ, ತಂಪು. ಬೇಣದಲ್ಲಿ ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಮರ. ಮೂರೂ ಬೇರೆ ಬೇರೆ. ಮೂರಕ್ಕೂ ಬೇರೆ ಬೇರೆ ಉಪಯೋಗ. ಪೇಟೆಯಿಂದ ಬಂದವರಿಗೆ ಎಲ್ಲವೂ "ಜಂಗಲ್".

ದರಕು

400 ವರ್ಷ ಎಲ್ಲಿಂದ ಬಂತು ಸ್ವಾಮಿ? 

ಹಂಡೆಮನೆ

ಡಿಸೈನ್ ಹುಡುಗನ ಲ್ಯಾಪ್‌ಟಾಪಿನಿಂದ. 300 ಅಂದರೆ ಕಮ್ಮಿ ಆಯ್ತು ಅಂತ ಕಾಣುತ್ತದೆ.

ವಿಲ್ಟ್‌ಶೈರಿನ ಶಿರಸಿಯವ

ಶಿರಸಿ ಬಿಟ್ಟು ಇಂಗ್ಲೆಂಡಿನಲ್ಲಿದ್ದೇನೆ. ಮಕ್ಕಳ ಶಾಲೆಗೆ ರಜೆ ಬಂದರೆ ಇಲ್ಲಿನವರೂ ಕಾಡಿಗೇ ಹೋಗುತ್ತಾರೆ. ನಮ್ಮ ಸಮೀಪದ ಲಾಂಗ್‌ಲೀಟ್ ಅನ್ನುವ ಜಾಗದ ಕಥೆ ನಿಮಗೆ ಹೋಲಿಸಲು ಉಪಯೋಗಕ್ಕೆ ಬರಬಹುದು. ಅದು ನಿಜವಾದ ಅರ್ಥದಲ್ಲಿ ಎಸ್ಟೇಟ್.

ಎಂಟನೇ ಹೆನ್ರಿ ದೊರೆ ಕ್ರೈಸ್ತ ಮಠಗಳನ್ನು ಮುಚ್ಚಿ ಅವುಗಳ ಆಸ್ತಿ ಮಾರಿದ ಕಾಲ. 1540ರ ಸುಮಾರಿಗೆ ಥಿನ್ ಅನ್ನುವ ಮನೆತನ ಇಲ್ಲಿನ ಮಠದ ಜಾಗ ಕೊಂಡಿತು. ದೊಡ್ಡ ಬಂಗಲೆ 1580ಕ್ಕೆ ಮುಗಿಯಿತು. 1757ರ ಹೊತ್ತಿಗೆ ಕೇಪಬಿಲಿಟಿ ಬ್ರೌನ್ ಅನ್ನುವ ಹೆಸರುವಾಸಿ ತೋಟಗಾರ ಬಂದು ಸುತ್ತಲಿನ ಕೆರೆ, ಇಳಿಜಾರು, ಮರದ ಗುಂಪುಗಳನ್ನೆಲ್ಲ ಹೊಸದಾಗಿ ಕೂರಿಸಿದ. ನೋಡಿದವರಿಗೆ ದೇವರೇ ಇಟ್ಟ ಹಾಗೆ ಕಾಣುತ್ತದೆ. ಎಲ್ಲ ಗುದ್ದಲಿ ಕೆಲಸ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಆಸ್ತಿ ಮಗನ ಕೈಗೆ ಬಂತು. ಆತ ಆ ಮನೆತನದ ಆರನೇ ಮಾರ್ಕ್ವಿಸ್ (ಅಲ್ಲಿನ ಒಂದು ದೊಡ್ಡ ಬಿರುದು). ಜೊತೆಗೆ ಸಾವಿನ ತೆರಿಗೆಯ (ಸತ್ತವರ ಆಸ್ತಿಯ ಮೇಲೆ ಬೀಳುವ ತೆರಿಗೆ) ಭಾರವೂ ಬಂತು. ಆಗ ಇಲ್ಲಿ ಇಂಥ ಎಷ್ಟೋ ಬಂಗಲೆಗಳನ್ನು ತೆರಿಗೆ ಕಟ್ಟಲಾಗದೆ ಕೆಡವಿಯೇ ಬಿಟ್ಟರು. ಈತ ಜಮೀನು ಒಂದಷ್ಟು ಮಾರಿದ. 1949ರಲ್ಲಿ ಬಂಗಲೆಯ ಬಾಗಿಲು ತೆರೆದು ಟಿಕೆಟ್ ಇಟ್ಟ. 1966ರಲ್ಲಿ ಸರ್ಕಸ್ ಮನೆತನದ ಜಿಮ್ಮಿ ಚಿಪ್ಪರ್‌ಫೀಲ್ಡ್ ಜೊತೆ ಸೇರಿ ಸಿಂಹಗಳನ್ನು ತಂದು ಬಿಟ್ಟ. ಕಾರಲ್ಲಿ ಕೂತು ಸಿಂಹ ನೋಡುವ ಸಫಾರಿ, ಆಫ್ರಿಕಾದ ಹೊರಗೆ ಅದೇ ಮೊದಲನೆಯದು. ಅಕ್ಕಪಕ್ಕದವರು ಎಷ್ಟು ಗಾಬರಿಯಾಗಿದ್ದರೋ!

ಕುಟುಂಬಗಳ ರಜೆಯ ಊರು ಬಂದಿದ್ದು ಇನ್ನೂ ಆಮೇಲೆ. ಈ ಐಡಿಯಾ ಇಂಗ್ಲೆಂಡಿನದ್ದಲ್ಲ, ಹಾಲೆಂಡಿನದ್ದು. ಕ್ರೀಡಾ ಸಾಮಾನಿನ ಅಂಗಡಿಗಳಿದ್ದ ಪೀಟ್ ಡೆರ್ಕ್‌ಸೆನ್ 1968ರಲ್ಲಿ ಕಾಡಿನ ಮಧ್ಯೆ ಸಣ್ಣ ಬಂಗಲೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟ. ಮುಂದೆ ಅದೇ ಸೆಂಟರ್ ಪಾರ್ಕ್ಸ್ ಆಯಿತು. ಮಳೆ, ಚಳಿಯ ದೇಶ ನೋಡಿ, ಅದಕ್ಕೆ ಗಾಜಿನ ಮಾಡಿನ ಕೆಳಗೆ ಬಿಸಿನೀರಿನ ಈಜುಕೊಳ. ಬ್ರಿಟನ್ನಿಗೆ 1987ರಲ್ಲಿ ಬಂತು, ಶೆರ್‌ವುಡ್ ಕಾಡಿಗೆ. ಲಾಂಗ್‌ಲೀಟ್‌ಗೆ 1994ರಲ್ಲಿ. ಎಸ್ಟೇಟಿನವರು ಮೋಪಿಗೆಂದು ಬೆಳೆಸಿದ ಕಾಡಿನಲ್ಲೇ ಜಾಗ ಕೊಟ್ಟರು. ಸಾಮಾನು ಇಳಿಸಿ ಕಾರನ್ನು ಹೊರಗೆ ನಿಲ್ಲಿಸಬೇಕು, ಒಳಗೆಲ್ಲ ಸೈಕಲ್. ಮಕ್ಕಳಿಗೆ ಅದೇ ದೊಡ್ಡ ಖುಷಿ. ಶಾಲೆ ರಜೆ ಶುರುವಾದ ಕೂಡಲೇ ದರ ಮಾತ್ರ ಆಕಾಶಕ್ಕೆ.

ಅಲ್ಲಿ ಸೈಕಲ್ ಹೊಡೆಯುವವರಲ್ಲಿ ಎಷ್ಟು ಜನಕ್ಕೆ ಅದು ನೆಟ್ಟ ಕಾಡು ಅಂತ ಗೊತ್ತೋ ಇಲ್ಲವೋ. ಸಾಲು ನೋಡಿದರೆ ತಿಳಿಯುತ್ತದೆ.

ಗೇಣಿಚೀಟಿ

ಒಳ್ಳೇ ಕಥೆ. ಆದರೆ ನಮ್ಮಲ್ಲಿ ಲಾಂಗ್‌ಲೀಟ್ ಆಗಲು ಸಾಧ್ಯವೇ ಇರಲಿಲ್ಲ. ಅಲ್ಲಿ ಒಂದೇ ಮನೆತನಕ್ಕೆ ಬಂಗಲೆ, ಹೊಲ, ಕಾಡು ಮೂರೂ ಸೇರಿತ್ತು. ಇಲ್ಲಿ ಕಾಡನ್ನು ಸರ್ಕಾರ 19ನೇ ಶತಮಾನದಲ್ಲೇ ಎತ್ತಿಕೊಂಡಿತ್ತು. ಉಳಿದ ಗದ್ದೆ, ತೋಟ ಉಳ್ಳವರ ಕೈಯಲ್ಲಿ, ದುಡಿಯುವವರು ಗೇಣಿಗೆ.

ಆ ಗೇಣಿಯ ಕಥೆಯೂ ನಿಮ್ಮ ಪುಟಕ್ಕೆ ಬರಬೇಕು, ಹಂಡೆಮನೆಯವರೇ. 1940ರ ಸುಮಾರಿಗೆ ದಿನಕರ ದೇಸಾಯಿ ಕರಾವಳಿಯಲ್ಲಿ ರೈತರನ್ನು ಸಂಘಟಿಸಿದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಚುಟುಕು ಬರೆದವರು ಅಂತ ಮಾತ್ರ ಈಗಿನವರಿಗೆ ಗೊತ್ತು. ಕಾನೂನು ಬರಲು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ಜಮೀನು ತಮಗೆ ಕೊಡಿ ಎನ್ನುವ ಅರ್ಜಿ, ಅಂದರೆ 7ನೇ ನಮೂನೆ, ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರು. ಗೇಣಿ ಜಾಸ್ತಿ ಇದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಇಲ್ಲಿ ಆ ಕಾನೂನು ಕಾಗದದಲ್ಲೇ ಉಳಿಯಲಿಲ್ಲ.

ಇನ್ನೊಂದು ಸೂಕ್ಷ್ಮ. ಕೊಡಗು, ಚಿಕ್ಕಮಗಳೂರಿನಲ್ಲಿ ದೊಡ್ಡ ದೊಡ್ಡ ಎಸ್ಟೇಟ್ ಉಳಿದದ್ದು ಹೇಗೆ? ಕಾಫಿ, ಚಹಾ, ಏಲಕ್ಕಿ, ರಬ್ಬರ್, ಕಾಳುಮೆಣಸು ಇವು ಕಾಯ್ದೆಯಲ್ಲಿ ಪ್ಲಾಂಟೇಶನ್ ಬೆಳೆ. ಅವಕ್ಕೆ ವಿನಾಯಿತಿ ಸಿಕ್ಕಿತು. ಅಡಿಕೆಗೆ ಸಿಗಲಿಲ್ಲ. ಶಿರಸಿಯ ತೋಟಗಳು ಎಕರೆ, ಎರಡೆಕರೆಯ ಲೆಕ್ಕದಲ್ಲಿ ಉಳಿದವು. ಚಿಕ್ಕಮಗಳೂರಿನ ಹಾಗೆ "ಎಸ್ಟೇಟ್ ಬಂಗಲೆ" ಅಂತ ಬೋರ್ಡ್ ಹಾಕುವ ಬಂಗಲೆ ನಮ್ಮಲ್ಲಿ ಇಲ್ಲ. ನಮ್ಮಲ್ಲಿರುವುದು ತೋಟದ ಮನೆ. ಅದನ್ನೇ ಧೈರ್ಯವಾಗಿ ಬರೆಯಿರಿ, ನಾಚಿಕೆ ಯಾಕೆ?

ರೂಮ್‌ಕೀ

ಎಲ್ಲರೂ ತುಂಬಾ ಸೀರಿಯಸ್ ಆದ್ರಿ. ನಾನೂ ಇದೇ ವ್ಯವಹಾರದಲ್ಲಿದ್ದೇನೆ. ಎರಡು ದಿನಕ್ಕೆ ಬರುವವನಿಗೆ 7ನೇ ನಮೂನೆ ಯಾಕ್ರೀ? ಅವನಿಗೆ ಬಿಸಿನೀರು, ನೆಟ್‌ವರ್ಕ್, ಮಗುವಿಗೆ ಹಾಲು ಸಿಕ್ಕರೆ ಸಾಕು. "ಮುಟ್ಟದ ಕಾಡು" ಅಂದರೆ ಬುಕಿಂಗ್ ಬರುತ್ತದೆ, "ಸರ್ಕಾರಿ ಬೆಟ್ಟ" ಅಂದರೆ ಬರಲ್ಲ. ಸುಮ್ನೆ ಯಾಕೆ ತಲೆಬಿಸಿ?

ಹಳೇಡಿಪೋ

ರೂಮ್‌ಕೀ ಅವರೇ, ದಾಂಡೇಲಿಗೆ ಬಂದು ನೋಡಿ. "ಮುಟ್ಟದ ಕಾಡು" ಅನ್ನುವ ಬೋರ್ಡಿನಡಿ ಇರುವುದು ಜಿಲ್ಲೆಯಲ್ಲೇ ಅತಿ ಹೆಚ್ಚು ಮುಟ್ಟಿದ ಕಾಡು.

ನಾನು ಹುಟ್ಟಿ ಬೆಳೆದದ್ದು ದಾಂಡೇಲಿ ಮರದ ಡಿಪೋ ಹಿಂದಿನ ಓಣಿಯಲ್ಲಿ. ಮನೆಯಲ್ಲಿ ದೊಡ್ಡವರು ಮರ ಅಳೆಯುವ ಕೆಲಸದಲ್ಲಿದ್ದರು. ಅಳ್ನಾವರದಿಂದ ಇಲ್ಲಿಗೆ ರೈಲು ಹಾಕಿದ್ದೇ ಮರ ಸಾಗಿಸಲು. ಬ್ರಿಟಿಷರ ಕಾಲದಿಂದ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದವರೆಗೆ ಪದ್ಧತಿ ಒಂದೇ. ಮಿಶ್ರ ಕಾಡನ್ನು ಬೋಳು ಮಾಡಿ ಸಾಲು ಹಿಡಿದು ಸಾಗವಾನಿ ನೆಡುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ರಸ್ತೆಯಲ್ಲಿ ಹೋಗುವಾಗ ಸಾಗವಾನಿ ಬಿಟ್ಟರೆ ಬೇರೆ ಮರ ಕಾಣದ ಜಾಗ ಇದೆಯಲ್ಲ, ಅದು ಕಾಡಲ್ಲ, ಬೆಳೆ.

1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಯಿತು. ಅದಕ್ಕೆ ಬಿದಿರು ಬೇಕು. ಸರ್ಕಾರ ಕೊಟ್ಟ ದರ ಪೇಟೆ ಬೆಲೆಗೆ ಹೋಲಿಸಿದರೆ ಪುಕ್ಕಟೆ. ಬುಟ್ಟಿ ಹೆಣೆಯುವ ಮೇದಾರರು ಮಾತ್ರ ಬಿದಿರಿಗೆ ಅಲೆಯಬೇಕು. ಪ್ಲೈವುಡ್ ಕಾರ್ಖಾನೆ ಬಂತು, ಮ್ಯಾಂಗನೀಸ್ ಗಣಿ ಬಂತು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಎದ್ದಿತು. ಹಳೇ ಸೂಪಾ ಊರು ಮುಳುಗಿತು, ಜನ ರಾಮನಗರಕ್ಕೆ ಹೋದರು. ತಾಲೂಕಿನ ಹೆಸರು ಕೂಡ ಸೂಪಾ ಇದ್ದದ್ದು ಈಗ ಜೋಯಿಡಾ.

ವಿಚಿತ್ರ ಏನಂದರೆ, ಅಭಯಾರಣ್ಯ ಆಗಿದ್ದು 1956ರಲ್ಲಿ. ಮಿಲ್ ಮತ್ತು ಅಭಯಾರಣ್ಯ ಹೆಚ್ಚುಕಮ್ಮಿ ಒಂದೇ ವಾರಿಗೆಯವು! 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು. ಕಡಿತ ಕಮ್ಮಿಯಾದ ಹಾಗೆ ಪ್ರವಾಸಿಗರು ಬಂದರು. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಕಾಳಿ ದಂಡೆಯಲ್ಲಿ ಅಡ್ವೆಂಚರ್ ಕ್ಯಾಂಪ್ ಮಾಡಿತು. ಕುಳಗಿಯಲ್ಲಿ ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್. ಅವರ ಹಿಂದೆ ಖಾಸಗಿ ರೆಸಾರ್ಟ್‌ಗಳು, ಸಾಲು ಸಾಲು.

ಗಣೇಶಗುಡಿಯ ರಾಫ್ಟಿಂಗ್ ನೋಡಿ. ಜನ "ವೈಲ್ಡ್ ರಿವರ್" ಅಂತ ಕಿರುಚುತ್ತಾ ಹೋಗುತ್ತಾರೆ. ಆ ನೀರು ಸೂಪಾದ ವಿದ್ಯುತ್ ಘಟಕದಿಂದ ಬಿಟ್ಟದ್ದು. ಕರೆಂಟ್ ತಯಾರಿಸಲು ನೀರು ಬಿಟ್ಟರೆ ರಾಫ್ಟಿಂಗ್ ಉಂಟು, ಬಿಡದಿದ್ದರೆ ಇಲ್ಲ. ಇದನ್ನು ಹೇಳಿದರೆ ಯಾರೂ ದುಡ್ಡು ವಾಪಸ್ ಕೇಳುವುದಿಲ್ಲ. ನಾನು ಹೇಳಿದವರೆಲ್ಲ ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ದಾರೆ.

ದರಕು

ಶಿರಸಿ ಕಡೆ ಈ ಬೋಳಿಸುವ ಕೆಲಸ ನಿಂತಿದ್ದನ್ನೂ ಸೇರಿಸಿ. 1983ರ ಸೆಪ್ಟೆಂಬರ್ 8. ಸಾಲ್ಕಣಿ ಸುತ್ತಲಿನ ಊರುಗಳ ಗಂಡಸರು, ಹೆಂಗಸರು ಮಳೆಯಲ್ಲೇ ಕಳಾಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡರು. ಪಾಂಡುರಂಗ ಹೆಗಡೆ ಮುಂದೆ ನಿಂತಿದ್ದರು. ಅಪ್ಪಿಕೋ ಚಳವಳಿ ಶುರುವಾದದ್ದೇ ಅಲ್ಲಿ. ಈಗ ಆ ಕಡೆ ಟ್ರೆಕ್ಕಿಂಗ್ ಹೋಗುವವರಿಗೆ ನೆರಳು ಸಿಗುವುದಾದರೆ ಅದರ ಹಿಂದೆ ಇವರಿದ್ದಾರೆ.

ಕಾಳಿಸಂಗಮ

ಕಾರವಾರದಿಂದ ನಾನು. ನಮ್ಮಲ್ಲಿ ಕಾಡಿನ ರಜೆ ಅಂದರೆ ದೇವಬಾಗ. ಕಾಳಿ ಸಮುದ್ರ ಸೇರುವ ಕಡೆ, ಸದಾಶಿವಗಡದ ಪಕ್ಕ, ಮರಳಿನ ಮೇಲೆ ಗಾಳಿಮರದ ತೋಪು. ಅದರೊಳಗೆ ಜಂಗಲ್ ಲಾಡ್ಜಸ್‌ನ ಮರದ ಮನೆಗಳು. ಬೆಂಗಳೂರಿನವರು ಬಂದು "ಎಷ್ಟು ನ್ಯಾಚುರಲ್ ಆಗಿದೆ" ಅನ್ನುತ್ತಾರೆ. ಗಾಳಿಮರ ನಮ್ಮ ಮರವೇ ಅಲ್ಲ. ಅದರ ತವರು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆ. ಬ್ರಿಟಿಷರ ಕಾಲದಲ್ಲಿ ತಂದು ಕರಾವಳಿಯ ಮರಳಿನಲ್ಲಿ ನೆಟ್ಟದ್ದು. ಮರಳು ಹಾರದಂತೆ ತಡೆಯುತ್ತದೆ, ಬೇಗ ಬೆಳೆಯುತ್ತದೆ, ಸೌದೆಯಾಗಿ ಕಣಕಣ ಉರಿಯುತ್ತದೆ. ಮದ್ರಾಸ್ ಕಡೆ ಉಗಿಬಂಡಿ ಓಡಿಸಲು ಇದನ್ನೇ ಬೆಳೆಸುತ್ತಿದ್ದರು.

ನೆಟ್ಟದ್ದು ಇತ್ತೀಚೆಗಲ್ಲ ಅನ್ನುವುದಕ್ಕೆ ಒಳ್ಳೇ ಸಾಕ್ಷಿ ಇದ್ದಾರೆ. ರವೀಂದ್ರನಾಥ ಟಾಗೋರ್. 1880ರ ದಶಕದ ಶುರುವಿನಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ಹುಡುಗ, ಕಾರವಾರಕ್ಕೆ ಬಂದು ಉಳಿದಿದ್ದರು. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶ. ಬ್ರಿಟಿಷರ ನಾಗರಿಕ ಸೇವೆ ಐಸಿಎಸ್ ಸೇರಿದ ಮೊದಲ ಭಾರತೀಯ ಅವರೇ. ತಮ್ಮ ನೆನಪುಗಳಲ್ಲಿ ಟಾಗೋರ್ ಈ ಕಡಲ ದಂಡೆಯ ಗಾಳಿಮರದ ಕಾಡನ್ನೂ, ಅದರ ತುದಿಯಲ್ಲಿ ಹರಿಯುವ ಕಾಳಿಯನ್ನೂ ಬಣ್ಣಿಸಿದ್ದಾರೆ. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯಲ್ಲಿ ಮೇಲಕ್ಕೆ ಹೋಗಿ ಬಂದದ್ದೂ ಅದರಲ್ಲಿದೆ. ಅಂದರೆ ಕಾರವಾರಕ್ಕೆ ಮನೆಮಂದಿಯ ರಜೆ ಹೊಸದೇನಲ್ಲ!

ಇನ್ನೊಬ್ಬರು ಟಿ. ಆರ್. ಬೆಲ್. ಅರಣ್ಯ ಅಧಿಕಾರಿಯಾಗಿ ಬಂದವರು. ಚಿಟ್ಟೆ, ಪತಂಗಗಳ ಹುಚ್ಚು. ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ, ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡರು. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಈ ಬೆಲ್ ಕಥೆ ಹೇಳಬೇಕು. ಮಳೆ ಬಿಟ್ಟ ಮೇಲೆ ನಿಮ್ಮ ಹಳ್ಳದ ಬದಿಯಲ್ಲೇ ಎಷ್ಟು ಚಿಟ್ಟೆ ಇರುತ್ತವೆ, ಅಲ್ವಾ?

ಇನ್ನು ನಮ್ಮ ಕಡಲತೀರ ಎಷ್ಟು ಉಳಿದಿದೆ ಅನ್ನುವುದು ಬೇರೆ ಮಾತು. ಸೀಬರ್ಡ್ ನೌಕಾನೆಲೆಗೆ ಅರ್ಗಾ, ಬಿಣಗಾ ಕಡೆಯ ಊರುಗಳು ಹೋದವು. ಆ ನೆಲೆ, ಐಎನ್‌ಎಸ್ ಕದಂಬ, 2005ರಲ್ಲಿ ಶುರುವಾಯಿತು. ಹೋದ ಊರುಗಳ ಚೆಂದದ ಬೀಚುಗಳು ಈಗ ಬೇಲಿಯ ಆಚೆ. ಉಳಿದ ಪಟ್ಟಿಯ ಮೇಲೆ ಮೀನುಗಾರರು, ಬಂದರು, ಪ್ರವಾಸಿಗರು ಎಲ್ಲರ ಕಣ್ಣು.

ಕಣಗಪ್ಪೆ

ಜೋಯಿಡಾದಿಂದ. ನಾವು ಕುಣಬಿಗಳು. ಇಲ್ಲಿ ಎಲ್ಲರೂ ಯಾರದ್ದು ಕಾಡು ಅಂತ ಮಾತಾಡುತ್ತಿದ್ದೀರಿ. ಕುಮರಿ ಕಡಿಯುವವರನ್ನು ಹೊರಗೆ ಹಾಕಿದರು ಅಂತ ಕಾನುಬೇಣ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು. ಆ ಒಂದು ಸಾಲಿನೊಳಗೆ ನಾವಿದ್ದೇವೆ.

ಒಂದು ತುಂಡು ಕಡಿದು, ಸುಟ್ಟು, ರಾಗಿ ಬಿತ್ತಿ, ಮತ್ತೆ ಅದನ್ನು ವರ್ಷಗಟ್ಟಲೆ ಕಾಡಿಗೇ ಬಿಡುವುದು ನಮ್ಮ ಹಿರಿಯರ ಬೇಸಾಯ. ಅದು ಕಾಡು ಹಾಳು ಮಾಡುವ ಕೆಲಸ ಅಂತ ನಿಲ್ಲಿಸಿದರು. ಆಮೇಲೆ ಅದೇ ಕಾಡನ್ನು ಬೋಳಿಸಲು, ಸಾಗವಾನಿ ನೆಡಲು ನಮ್ಮನ್ನೇ ಕೂಲಿಗೆ ಕರೆದರು. ಈಗ ರೆಸಾರ್ಟಿನಲ್ಲಿ ನಮ್ಮ ಹುಡುಗರು ಗೈಡ್, ನಮ್ಮ ಹುಡುಗಿಯರು ಅಡುಗೆ ಮನೆಯಲ್ಲಿ. ಕೆಲಸ ಬೇಡ ಅಂತಲ್ಲ. ಹುಬ್ಬಳ್ಳಿಗೆ, ಗೋವಾಕ್ಕೆ ಹೋಗುವುದು ತಪ್ಪಿದೆ. ಆದರೆ ನಾನು ಕೆಲಸ ಮಾಡಿದ ಒಂದು ಕಡೆ, ಗೋಡೆ ಮೇಲೆ ಅಲಂಕಾರಕ್ಕೆ ನಮ್ಮ ಕೊಯ್ತಿ (ಕತ್ತಿ), ಬುಟ್ಟಿ ತೂಗು ಹಾಕಿದ್ದರು. ಯಾರದ್ದು ಅಂತ ಒಂದು ಚೀಟಿ ಇರಲಿಲ್ಲ. ಕೇಳಿದರೆ "ಟ್ರೈಬಲ್ ಐಟಂ" ಅಂದರು. ಇದೇ ರಾಜ್ಯದ ಪಟ್ಟಿಯಲ್ಲಿ ನಾವು ಪರಿಶಿಷ್ಟ ಪಂಗಡವೂ ಅಲ್ಲ! ಪಕ್ಕದ ಸಿದ್ದಿಗಳಿಗೆ 2003ರಲ್ಲಿ ಸಿಕ್ಕಿತು, ನಾವು ಇನ್ನೂ ಅರ್ಜಿ ಹಿಡಿದು ನಿಂತಿದ್ದೇವೆ.

ನಿಮ್ಮ ಮನೆಗೆ ಬರುವವರಿಗೆ ಗಡ್ಡೆ ಗೆಣಸು ತಿನ್ನಿಸಿ, ಹಂಡೆಮನೆಯವರೇ. ಜೋಯಿಡಾದಲ್ಲಿ ಗಡ್ಡೆ ಗೆಣಸಿನ ಮೇಳವೇ ಆಗುತ್ತದೆ. ಆ ಪುಟದಲ್ಲಿ ನಿಮ್ಮ ಬೆಟ್ಟಕ್ಕೆ ಸೊಪ್ಪು ಕಡಿಯಲು ಹತ್ತಿದವರು ಯಾರು ಅಂತಲೂ ಬರೆಯಿರಿ. ನಿಮ್ಮಪ್ಪ ಒಬ್ಬರೇ ಹತ್ತಿರಲಿಕ್ಕಿಲ್ಲ.

ಹಂಡೆಮನೆ

ಇರಲಿಲ್ಲ. ಬೆಟ್ಟದ ಸೊಪ್ಪಿಗೆ, ಅಡಿಕೆ ಗೊನೆ ಕೊಯ್ಲಿಗೆ ಎರಡು ಮನೆಯವರು ತಲೆಮಾರಿನಿಂದ ಬರುತ್ತಿದ್ದರು. ಅದರಲ್ಲಿ ಒಬ್ಬರ ಮಗ ಈಗ ನಮ್ಮ ಅತಿಥಿಗಳನ್ನು ಜೀಪಲ್ಲಿ ಕರೆತರುತ್ತಾನೆ. ಅವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಹಾಕುತ್ತೇನೆ.

ರೂಮ್‌ಕೀ

ಸರಿ, ಇತಿಹಾಸ ಹಾಕಿ, ನಾನು ಬೇಡ ಅನ್ನಲ್ಲ. ಆದರೆ ಎರಡು ಪ್ಯಾರಾ ಮೀರಬೇಡಿ. ಮತ್ತೆ ನನ್ನ ಪ್ರಶ್ನೆ ಬೇರೆ. ಬೆಟ್ಟದ ತುದಿಯಲ್ಲಿ ನಾಲ್ಕು ಕಾಟೇಜ್ ಹಾಕಿದರೆ ಸೂರ್ಯಾಸ್ತ ಕಾಣುತ್ತದೆ, ದರ ಎರಡರಷ್ಟು ಸಿಗುತ್ತದೆ. ಅಣ್ಣನ ಮಕ್ಕಳು ಅದನ್ನು ಯೋಚಿಸಿಲ್ವಾ?

ಹಂಡೆಮನೆ

ಯೋಚಿಸಿದ್ದಾರೆ. ಜಗಳದ ಅರ್ಧ ಅದೇ.

ಕಾನುಬೇಣ

ಆ ಯೋಚನೆ ಇವತ್ತೇ ಬಿಡಲಿ. ಬೆಟ್ಟದಲ್ಲಿ ಸೊಪ್ಪು ತರುವ ಹಕ್ಕಿದೆ, ಕಟ್ಟುವ ಹಕ್ಕಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಬಾಂಬೂ ಕಾಟೇಜು, ಟೆಂಟು, "ತಾತ್ಕಾಲಿಕ" ಅಂತ ಏನು ಹೆಸರಿಟ್ಟರೂ ಅಷ್ಟೇ. ಕೇಸು ಬಿದ್ದರೆ ಬೆಟ್ಟದ ಹಕ್ಕಿಗೇ ಕುತ್ತು. ಬೆಟ್ಟ ಹೋದರೆ ತೋಟಕ್ಕೆ ಗೊಬ್ಬರ ಎಲ್ಲಿಂದ ತರುತ್ತಾರೆ? ಈಗಲೇ ದನ ಸಾಕುವವರು ಕಮ್ಮಿ, ಸೊಪ್ಪು ಕಡಿಯುವವರು ಇಲ್ಲ.

ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ಇದ್ದು ನಡೆಸುವುದು. ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಆ ಷರತ್ತಿನ ಮೇಲೆಯೇ. ಕೋಣೆಗಳಿಗೂ ಮಿತಿ ಇದೆ. ಆ ಮಿತಿಯೊಳಗೇ ಇರಿ. ಜಗುಲಿ, ಅಟ್ಟ, ಅಡಿಕೆ ಸುಲಿಯುವ ಅಂಗಳ ನೋಡಲೆಂದೇ ಜನ ಬರುತ್ತಾರೆ. ಬೇಯಿಸಿ ಕೆಂಪಡಿಕೆ ಮಾಡುವ ಹಂಡೆ ಉರಿಯುವಾಗ ಮಕ್ಕಳನ್ನು ಪಕ್ಕ ಕೂರಿಸಿ ತೋರಿಸಿ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಅದನ್ನೂ ಹೇಳಿ. ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬನ್ನಿ, ಅಲ್ಲಿ ಬೆಂಕಿ ಹಾಕುವುದು, ಹಾಡು ಹಚ್ಚುವುದು ಬೇಡ. ದರಕಿಗೆ ಒಂದು ಕಿಡಿ ಬಿದ್ದರೆ ಬೇಸಿಗೆಯಲ್ಲಿ ಇಡೀ ಬೆಟ್ಟ ಹೋಗುತ್ತದೆ.

ಗೇಣಿಚೀಟಿ

ಸಿದ್ದಾಪುರದ ಕಡೆಯವರು ಅಂದಿರಿ. 1932ರ ಕರನಿರಾಕರಣೆಯಲ್ಲಿ ನಿಮ್ಮ ಸೀಮೆಯ ಎಷ್ಟೋ ಜನರ ಜಮೀನು ಜಪ್ತಿಯಾಗಿತ್ತು. ಹರಾಜಿನಲ್ಲಿ ಅದನ್ನು ಕೊಂಡವರ ಬಾಗಿ­ಲಲ್ಲಿ ಮಾವಿನಗುಂಡಿಯ ಹೆಂಗಸರು ಉಪವಾಸ ಕೂತಿದ್ದರು. ನಿಮ್ಮ ಮನೆ ಜಮೀನೂ ಆಗ ಹೋಗಿ ವಾಪಸ್ ಬಂದಿತ್ತಾ ಅಂತ ಹಳೇ ಕಾಗದದಲ್ಲಿ ನೋಡಿ. ಇದ್ದರೆ ಆ 400 ವರ್ಷಕ್ಕಿಂತ ದೊಡ್ಡ ಕಥೆ ಅದು.

ಹಂಡೆಮನೆ

ಕಾಗದದ ಪೆಟ್ಟಿಗೆ ಅಟ್ಟದಲ್ಲಿದೆ, ತೆಗೆಸುತ್ತೇನೆ. ಸದ್ಯಕ್ಕೆ ಬರೆದದ್ದು ಇಷ್ಟು, ನೋಡಿ:

"ನೀವು ನಿಂತಿರುವುದು ಅಡಿಕೆ ತೋಟದ ಮನೆಯಲ್ಲಿ. ಮೇಲಿನ ಬೆಟ್ಟ ನಮ್ಮದಲ್ಲ, ಸರ್ಕಾರದ್ದು. ಅದರ ಸೊಪ್ಪು ತೋಟಕ್ಕೆ ತರುವ ಹಕ್ಕು ನಮಗಿದೆ. ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ 9 ಎಕರೆ ಬೆಟ್ಟದಂತೆ ಕೊಟ್ಟದ್ದು. ಮರಗಳ ಮೇಲಿನ ಗಂಟುಗಳು ಸೊಪ್ಪು ಸವರಿದ ಗುರುತು. ಸವರಿದವರು ನಮ್ಮ ಮನೆಯವರು ಮತ್ತು ಕೆಳಗೆ ಹೆಸರಿರುವ ಎರಡು ಮನೆಯವರು. ಹಳ್ಳದಾಚೆ ಸಾಲಾಗಿ ಕಾಣುವ ಸಾಗವಾನಿ ಅರಣ್ಯ ಇಲಾಖೆ ನೆಟ್ಟದ್ದು. ಅದರ ಹಿಂದಿನ ಕತ್ತಲೆ ಕಾನು. ಅಲ್ಲಿಗೆ ನಮ್ಮ ಜೊತೆ ಬನ್ನಿ, ಒಬ್ಬರೇ ಹೋಗಬೇಡಿ. ಬೆಂಕಿ ಹಚ್ಚಬೇಡಿ."

ರೂಮ್‌ಕೀ

ಎರಡು ಪ್ಯಾರಾ ಕೂಡ ಆಗಲಿಲ್ಲ. ಚೆನ್ನಾಗಿದೆ ರೀ.

ಕಾನುಬೇಣ

ಒಂದು ತಿದ್ದುಪಡಿ. "9 ಎಕರೆ ಬೆಟ್ಟದಂತೆ" ಬೇಡ, "9 ಎಕರೆವರೆಗೆ" ಅನ್ನಿ. ಎಲ್ಲರಿಗೂ ಒಂಬತ್ತು ಸಿಕ್ಕಿಲ್ಲ. ನಿಮಗೆ ಎಷ್ಟು ಅಂತ ಪಹಣಿ ನೋಡಿ ಆ ಅಂಕಿಯನ್ನೇ ಹಾಕಿ.

ಕಣಗಪ್ಪೆ

ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಹಾಕಬೇಡಿ. ಉಳಿದ ಅಕ್ಷರದಷ್ಟೇ ದೊಡ್ಡದಿರಲಿ.